ತೆಂಗಿನ ಸೀಮೆಗೆ ಬಂದಿಳಿದ ಕೈಲಾಸ

ವಿಪತ್ತು ನಿವಾರಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಹಟ್ಟಿಯ ನೆತ್ತಿಯ ಮೇಲಿರುವುದು ಮಣ್ಣು. ತಾವು ನಮ್ಮನ್ನು ಕಾಪಾಡಲು ಹೊರಟಿರುವುದು ಹಿಮದಿಂದ. ಇದೇ ನನ್ನ ದೂರು.

ಚಿಕ್ಕನಾಯಕನಹಳ್ಳಿ ಸೀಮೆಯ ನಮ್ಮ ಹೊನ್ನೇಗುಡ್ಡದ ಮೇಲೆ, ಎಂದೋ ಮುಚ್ಚಿದ ಗಣಿಯವರು ಸುರಿದುಹೋದ ಮಣ್ಣಿನ ರಾಶಿಯಿದೆ. ಈ ಮುಂಗಾರಿನಲ್ಲಿ ಅದು ಜಾರಿ, ತಪ್ಪಲಿನ ಕೊನೆಯ ಮನೆಯಾದ ಸಿದ್ದಕ್ಕನ ಕೊಟ್ಟಿಗೆಯನ್ನು ನುಂಗಿತು. ದನಗಳು ಆಗ ಮೇಯಲು ಹೋಗಿದ್ದುದು ಶಿವಕೃಪೆ. ರಕ್ಷಣೆ ಬೇಡಿದೆವು. ತಮ್ಮ ಕಚೇರಿ ದಯಪಾಲಿಸಿದ್ದು ಒಂದು ಫಲಕವನ್ನು. ತಲೆಯಲ್ಲಿ "ಅಪಾಯ! ಹಿಮಕುಸಿತ ವಲಯ" ಎಂಬ ಕೆಂಪಕ್ಷರ, ಅದರ ಕೆಳಗೆ ಪಾರಾಗುವ ಉಪಾಯಗಳು. ಹೊಸ ಹಿಮ ಬಿದ್ದಾಗ ಇಳಿಜಾರಿನಲ್ಲಿ ನಡೆಯಬಾರದಂತೆ. ಹೂತುಹೋದರೆ ಮುಖದ ಮುಂದೆ ಕೈಯಿಟ್ಟು ಉಸಿರಿಗೆ ಎಡೆ ಮಾಡಿಕೊಳ್ಳಬೇಕಂತೆ. ಎಚ್ಚರಿಕೆ ಬಂದೊಡನೆ ಮೇಲಂತಸ್ತಿಗೆ ಏರಬೇಕಂತೆ. ಯಾವ ಪರ್ವತಪ್ರಾಂತ್ಯಕ್ಕೆ ಬರೆದದ್ದೋ, ನಮ್ಮ ಪಾಲಿಗೆ ಬಂತು. ನಾನು ನಿತ್ಯ ಲಿಂಗಪೂಜೆಯಲ್ಲಿ ಕೈಲಾಸವನ್ನು ಧ್ಯಾನಿಸುವವನು; ಅದನ್ನು ಒಂದೇ ಆದೇಶದಿಂದ ನಮ್ಮ ತಾಲ್ಲೂಕಿಗೆ ವರ್ಗಾಯಿಸಿದ ಪುಣ್ಯ ತಮ್ಮದು. ಪರಶಿವನ ಒಪ್ಪಿಗೆ ಪಡೆದಿದ್ದೀರಷ್ಟೆ?

ಮೊನ್ನೆ ಮಳೆ ಕವಿದಾಗ ತಮ್ಮ ಸಿಬ್ಬಂದಿಯ ರವಿಕಿರಣ್ ಬಂದು ಸಿದ್ದಕ್ಕನ ಬಾಗಿಲು ಬಡಿದರು. ನಾನೂ ಕೊಡೆ ಹಿಡಿದು ಅಲ್ಲೇ ಇದ್ದೆ.

"ಅಜ್ಜೀ, ಶಾಲೆಗೆ ನಡೀರಿ. ಗುಡ್ಡ ಜಾರುತ್ತೆ."

"ಅಟ್ಟದ ತುಂಬ ಕಾಯಿ ಐತಲ್ಲಪ್ಪ, ಅದನ್ನೂ ಹೊತ್ಕಂಡ್ ನಡೀ, ಬತ್ತೀನಿ."

"ಹಂಗಾದ್ರೆ ಮೇಲಂತಸ್ತಿಗಾದ್ರೂ ಹತ್ತಿ. ಬೋರ್ಡಿನಲ್ಲಿ ಬರೆದದೆ."

"ಮ್ಯಾಲೆ ಕಾಯಿ ಮಲಗವೆ ಕಣಪ್ಪ. ಅವನ್ನೆಬ್ಬಿಸಿ ನಾನ್ ಮಲಗ್ಲಾ? ನಿಮ್ ಸಾಹೇಬ್ರಿಗೆ ಕೊಬ್ರಿ ಮಾತ್ರ ಗೊತ್ತು, ಅಟ್ಟ ಗೊತ್ತಿಲ್ಲ ಬುಡು."

ರವಿಕಿರಣ್ ನಕ್ಕರು, ಆಮೇಲೆ ಗುಡ್ಡದತ್ತ ನೋಡಿ ನಗು ನಿಲ್ಲಿಸಿದರು. ಕಾಯಿ ಅಟ್ಟವೇರಿದರೆ ಒಳಗಿನ ನೀರು ಇಂಗಿ ಉಂಡೆಕೊಬ್ಬರಿಯಾಗಲು ವರ್ಷವೇ ಬೇಕು. ಅಲ್ಲಿಯವರೆಗೆ ಅದನ್ನು ಕದಲಿಸುವಂತಿಲ್ಲ, ಕಾಯುವವರು ಬಿಟ್ಟು ಹೋಗುವಂತೆಯೂ ಇಲ್ಲ. ಹಟ್ಟಿಯ ಮನೆಮನೆಯದೂ ಇದೇ ವ್ರತ. ಇದು ಹಟವೆಂದು ತಾವು ಷರಾ ಬರೆಯಬಹುದು. ಹಟವೇ ಇರಲಿ. ಆದರೆ ಮುದುಕಿಯನ್ನು ಮಳೆಗೊಮ್ಮೆ ಕದಲಿಸುವುದಕ್ಕಿಂತ ಮಣ್ಣನ್ನು ಒಮ್ಮೆ ಕದಲಿಸುವುದು ಸುಲಭವೆಂಬ ವಿಚಾರ ತಮ್ಮ ಸಭೆಗಳಲ್ಲಿ ಒಮ್ಮೆಯೂ ಸುಳಿಯಲಿಲ್ಲವೇ? ಅಥವಾ ಹಿಮವಾದ್ದರಿಂದ ಬೇಸಿಗೆಯಲ್ಲಿ ತಾನೇ ಕರಗೀತೆಂದು ಕಾದಿದ್ದೀರೋ?

ಇಲ್ಲಿಯವರೆಗೆ ಆ ಫಲಕದಿಂದ ಪ್ರಯೋಜನ ಪಡೆದದ್ದು ಸಿದ್ದಕ್ಕನ ಮೇಕೆ ಮಾತ್ರ. ಅದನ್ನು ಫಲಕದ ಒಂದು ಕಂಬಕ್ಕೆ ಕಟ್ಟುತ್ತಿದ್ದಳು. ಈಗ ಕಟ್ಟುತ್ತಿಲ್ಲ. ಆ ಮಳೆಗೆ ರಾಶಿ ಮತ್ತೆ ಜಾರಿ, ಕಂಬಗಳನ್ನು ಮುಚ್ಚಿ, ಫಲಕದ ಅರ್ಧಕ್ಕೆ ಬಂದು ನಿಂತಿದೆ. ತಾವು ಬರೆಸಿದ ಉಪಾಯಗಳೆಲ್ಲ ಮಣ್ಣಿನಡಿ ಸೇರಿವೆ. ಅಪಾಯವೊಂದೇ ಮೇಲೆ ಉಳಿದಿದೆ. ಫಲಕದ ಬೆನ್ನಿಗೇ ಸಿದ್ದಕ್ಕನ ಹಿತ್ತಿಲ ಗೋಡೆ.

ಆದುದರಿಂದ ಹಸ್ತ ಮಳೆ ಹಿಡಿಯುವ ಮುನ್ನ ಆ ರಾಶಿಯನ್ನು ತೆಗೆಸಿ, ತಪ್ಪಲಿಗೆ ಕಲ್ಲಿನ ತಡೆಗೋಡೆ ಕಟ್ಟಿಸಿರಿ. ಇನ್ನೂ ಯೋಚಿಸಬೇಕೆಂದಿದ್ದರೆ, ಮಳೆಯ ದಿನವೇ ಬಂದು ಸಿದ್ದಕ್ಕನ ನಡುಮನೆಯಲ್ಲಿ ಸಭೆ ಸೇರಿರಿ. ಚಾಪೆ ಹಾಸಿ ಕೊಡುತ್ತಾಳೆ. ಮೇಲಂತಸ್ತನ್ನು ಮಾತ್ರ ಕೇಳಬೇಡಿ.

ಇಂತಿ,
ತಮ್ಮ ಹಿಮಾಲಯದ ಬುಡದಲ್ಲಿ, ಒಂದು ಕಿವಿಯನ್ನು ಗುಡ್ಡಕ್ಕೆ ಕೊಟ್ಟು ಜಪಕ್ಕೆ ಕೂರುವ
ತೋಂಟದಾರ್ಯ