ಹಸಿ ಬಣ್ಣದ ಬಾಣ

ಸ್ಯಾಂಟಿಯಾಗೊ ಪಟ್ಟಣ, ಸ್ಪೇನ್
ಕ್ರಿಸ್ತಶಕ ೨೨೧೧, ಜುಲೈ ೪೮

ಎರಡು ಶತಮಾನಗಳ ಹಿಂದಿರುವ ಕನ್ನಡದ ಹಿರಿಯರಿಗೆ, ಮೈಸೂರು ಸೀಮೆಯ ಸಹಾಯಮೇರಿಯ ನಮಸ್ಕಾರ.

ಮೇಲಿನ ತಾರೀಖನ್ನು ಕಂಡು ಕೈತಪ್ಪೆಂದು ತಿಳಿಯಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಆಗಸ್ಟ್ ಇಲ್ಲ. ಬಿಸಿಲು ಇಳಿಯುವವರೆಗೆ ಜುಲೈಯನ್ನೇ ಎಣಿಸುತ್ತ ಹೋಗುತ್ತೇವೆ. ನೀವು ಕಾಣದ ವಸ್ತುಗಳಿಗೆ ನಾವು ಇಟ್ಟುಕೊಂಡ ಹೆಸರುಗಳು ಈ ಕಾಗದದಲ್ಲಿ ಬರುತ್ತವೆ. ಕಿವಿಗೆ ಒರಟಾಗಿ ಕೇಳಿದರೆ ಕ್ಷಮಿಸಬೇಕು, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾಲದವರು ಈ ದೇಶದ ಹಳ್ಳಿಗಾಡಿನಲ್ಲಿ, ಇದೇ ಬೇಸಿಗೆಯಲ್ಲಿ, ಬೆನ್ನಿಗೊಂದು ಚೀಲ ತಲೆಗೊಂದು ಟೋಪಿ ಹಾಕಿಕೊಂಡು ತೆರೆದ ಆಕಾಶದ ಕೆಳಗೆ ವಾರಗಟ್ಟಲೆ ನಡೆಯುತ್ತಿದ್ದರಂತೆ. ಅದೂ ಸಂತೋಷಕ್ಕೆ! ಶಾಲೆಯಲ್ಲಿ ನಾನು ಈ ಮಾತು ಹೇಳಿದಾಗಲೆಲ್ಲ ಮಕ್ಕಳು ನಗುತ್ತಾರೆ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ.

ಈ ವರ್ಷ ಜಪಮಾಲೆ ಎಂಬ ನನ್ನ ಸೋದರತ್ತೆಯ ಜೊತೆಗೆ ನಾನೂ ಆ ದಾರಿಗೆ ಬಂದೆ. ಅತ್ತೆಯ ಗಂಡನ ಹೆಸರು ಯಾಗಪ್ಪ. ಸ್ಯಾಂಟಿಯಾಗೊದ ಸಮಾಧಿಯಲ್ಲಿ ಮಲಗಿದ್ದಾನೆನ್ನುವ ಸಂತ ಯಾಕೋಬನನ್ನು ನಮ್ಮ ಕಡೆಯ ಕ್ರೈಸ್ತರು ಯಾಗಪ್ಪನೆಂದೇ ಕರೆಯುತ್ತಾರೆ. ಮಾವ ತೀರಿಕೊಂಡ ಮೇಲೆ, ಅವರ ಹೆಸರಿನ ಸಂತನ ಬಾಗಿಲಿಗೆ ಕಾಲ್ನಡಿಗೆಯಲ್ಲಿ ಬರುತ್ತೇನೆಂದು ಅತ್ತೆ ಹರಕೆ ಹೊತ್ತಿದ್ದರು. ಈಗಿನ ಯಾತ್ರಿಕರು ನಡೆಯುವುದು ನೆರಳುಸಾಲಿನಲ್ಲಿ. ಅದೊಂದು ಬಿಳಿಬಟ್ಟೆಯ ಉದ್ದನೆಯ ಸುರಂಗ. ಬಯಲಿನ ಮೇಲೆ ಹಾಸಿದಂತೆ ಪಟ್ಟಣದಿಂದ ಪಟ್ಟಣಕ್ಕೆ ಹೋಗುತ್ತದೆ. ಒಳಗೆ ತಂಪು ಗಾಳಿ ಬೀಸುತ್ತಿರುತ್ತದೆ, ಗೋಡೆಯ ನಳಗಳಲ್ಲಿ ಉಪ್ಪು ಬೆರೆಸಿದ ನೀರು ಸಿಗುತ್ತದೆ. ಮೈಮೇಲೆ ತಣ್ಣಂಗಿ ಇರಲೇಬೇಕು. ಅದರ ನೂಲಿನೊಳಗೆ ನೀರು ಹರಿಯುತ್ತದೆ. ತೊಟ್ಟವರ ಮೈ ಮಿತಿಮೀರಿ ಕಾದರೆ ಅಂಗಿ ತಾನೇ ಪಹರೆಯವರನ್ನು ಕೂಗಿ ಕರೆಯುತ್ತದೆ. ಕೊರಳಿನಲ್ಲಿ ದುಭಾಷಿ ಬಿಲ್ಲೆ ಇರುತ್ತದೆ. ನಮ್ಮ ಮಾತನ್ನು ಅವರಿಗೆ, ಅವರ ಮಾತನ್ನು ನಮಗೆ ಹೇಳುತ್ತದೆ. ಹೊರಗಿನ ಬಯಲು ಮಾತ್ರ ಬಿಟ್ಟನಾಡು. ಅಂದರೆ ನೀರು, ವಿದ್ಯುತ್ತು, ಹೆಸರು ಎಲ್ಲವನ್ನೂ ಸರ್ಕಾರ ಹಿಂದಕ್ಕೆ ಪಡೆದ ನೆಲ. ಅಲ್ಲಿ ಯಾರೂ ವಾಸಿಸುವಂತಿಲ್ಲ. ಯಾರೂ ಇಲ್ಲವೆಂದೇ ನಾವು ಓದಿದ್ದೆವು.

ಬುರ್ಗೋಸ್ ಪಟ್ಟಣ ದಾಟಿ ಕೆಲವು ದಿನ ನಡೆದ ಮೇಲೆ ಒಂದು ಮುಂಜಾನೆ ಧೂಳುಗಾಳಿ ಎದ್ದು ನೆರಳುಸಾಲಿನ ಬಟ್ಟೆಯನ್ನು ಉದ್ದಕ್ಕೂ ಸೀಳಿಹಾಕಿತು. ವಾಹನ ಬರುವವರೆಗೆ ಕೂತಿರಿ ಎಂದು ಪಹರೆಯವರಿಂದ ಸುದ್ದಿ ಬಂತು. ಅತ್ತೆ ಆ ಹರುಕಿನಿಂದ ಹೊರಗೆ ಇಣುಕುತ್ತಿದ್ದವರು, ಒಂದು ಕಲ್ಲಿನ ಕಂಬದವರೆಗೆ ಹೋಗಿ ಬೆರಳು ಸವರಿ, ಬೆರಳನ್ನೇ ನೋಡುತ್ತ ನಿಂತರು.

"ಮೇರಿ, ಬಾ ಇಲ್ಲಿ. ಈ ಬಣ್ಣ ಕೈಗ್ ಅಂಟ್ತದೆ ಕಣವ್ವಾ."

ಕಲ್ಲಿನ ಮೇಲೆ ಒಂದು ಹಳದಿ ಬಾಣ. ನಿಮ್ಮ ಕಾಲದ ಯಾತ್ರಿಕರಿಗೆ ದಾರಿ ತೋರುತ್ತಿದ್ದ ಅಂಥದೇ ಬಾಣ. ಬಣ್ಣ ಹಸಿಯಾಗಿತ್ತು. ಮೂರು ತಲೆಮಾರಿನಿಂದ ಮನುಷ್ಯರಿಲ್ಲದ ನೆಲದಲ್ಲಿ, ಆ ಬೆಳಿಗ್ಗೆಯೇ ಯಾರೋ ಕುಂಚ ಹಿಡಿದು ನಿಂತು ಹೋಗಿದ್ದರು.

"ಬನ್ನಿ ಅತ್ತೆ, ಒಳಗೆ ಹೋಗೋಣ" ಎಂದೆ.

"ಈ ಬಿಸ್ಲಲ್ಲಿ ಯಾವ್ದೋ ಜೀವ ಅದೆ. ದಾರಿ ತಪ್ಪಿಸ್ಕಂಡದೋ ಏನೋ. ಬುಟ್ಬುಟ್ಟು ಓದ್ರೆ ನಾಳೆ ಯಾಗಪ್ನೋರ್ಗೆ ಯಾವ್ ಮುಖ ತೋರ್ಸನೆ?" ಎಂದು ಅತ್ತೆ ನಡೆದೇಬಿಟ್ಟರು. ಅವರನ್ನು ತಡೆದವರು ನಮ್ಮ ವಂಶದಲ್ಲಿ ಯಾರೂ ಇಲ್ಲ.

ಬಾಣದಿಂದ ಬಾಣಕ್ಕೆ ಹೋದೆವು. ಹೊಲಗಳೆಂದು ನೀವು ಕರೆಯುತ್ತಿದ್ದ ನೆಲ ಬಾಣಲೆಯ ತಳದಂತೆ ಕಪ್ಪಾಗಿತ್ತು. ಒಂದು ದಿಬ್ಬದ ಬುಡಕ್ಕೆ ಬರುವಷ್ಟರಲ್ಲಿ ಅತ್ತೆಯ ಕಾಲು ಸೋತಿತು. ಕುಸಿದರು. ಅವರ ತಣ್ಣಂಗಿ ಒಣಗಿಹೋಗಿತ್ತು, ಅದು ಕೂಗತೊಡಗಿತು. ನಾನೂ ಕೂಗಿದೆ, ಯಾರನ್ನೆಂದು ನನಗೇ ಗೊತ್ತಿರಲಿಲ್ಲ. ಆಗ ದಿಬ್ಬದ ಮಣ್ಣಿನಲ್ಲಿ ಒಂದು ಬಾಗಿಲು ತೆರೆಯಿತು.

ನಾನು ಕಂಡದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅರವತ್ತು ದಾಟಿದ ಒಬ್ಬ ಹೆಂಗಸು, ಬರಿಗಾಲಿನಲ್ಲಿ, ಬೆರಳಿಗೆಲ್ಲ ಹಳದಿ ಬಣ್ಣ. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು, ಸೊಂಟದಲ್ಲಿ ಕೂಸನ್ನೆತ್ತಿಕೊಂಡ ಬಾಣಂತಿ. ಅತ್ತೆಯನ್ನು ಎತ್ತಿ ಒಳಗೊಯ್ದರು. ಹಳೆಯ ಕಾಲದಲ್ಲಿ ದ್ರಾಕ್ಷಾರಸ ಇಡಲೆಂದು ದಿಬ್ಬವನ್ನು ಕೊರೆದು ಮಾಡಿದ ನೆಲಮಾಳಿಗೆಗಳವು. ಒಂದರಿಂದ ಇನ್ನೊಂದಕ್ಕೆ ಕಿಂಡಿ ತೆಗೆದು ಒಂದು ಊರೇ ಅದರೊಳಗಿತ್ತು. ಒಲೆ, ತೊಟ್ಟಿಲು, ಕಡಲೆಕಾಳಿನ ಮೂಟೆ, ಆಳದಲ್ಲೊಂದು ಬಾವಿ. ಒದ್ದೆಬಟ್ಟೆ ಸುತ್ತಿ, ಉಪ್ಪುನೀರನ್ನು ಚಮಚದಲ್ಲಿ ಬಿಡುತ್ತ, ಆ ಹೆಂಗಸು ಅತ್ತೆಯ ಅಂಗಾಲು ತಿಕ್ಕುತ್ತಿದ್ದಳು. ಹೆಸರು ಒಬ್ದುಲಿಯಾ. ಬಾಣ ಬರೆಯುವವಳು ಅವಳೇ. ಅವಳ ತಾಯಿ ಬರೆಯುತ್ತಿದ್ದಳು, ಅಜ್ಜಿಯೂ ಬರೆಯುತ್ತಿದ್ದಳು.

"ಯಾರೂ ಬರದ ದಾರಿಗೆ ಯಾಕೆ?" ಎಂದೆ.

"ಬಂದರೆ?" ಎಂದಳು.

ಅಷ್ಟರಲ್ಲಿ ಒಬ್ಬ ಮುದುಕ ಅತ್ತೆಯ ಅಂಗಿಯತ್ತ ಕೈ ಮಾಡಿದ. "ಅದು ಕೂಗಿತಲ್ಲವೇ? ಹಾಗಾದರೆ ಅವರು ಬರುತ್ತಾರೆ." ಪಹರೆಯವರು ಈ ಬಾಗಿಲುಗಳನ್ನು ಕಂಡರೆ ಬಾವಿ ಮುಚ್ಚಿಸಿ, ಎಲ್ಲರನ್ನೂ ವಾಹನಕ್ಕೆ ತುಂಬಿ, ಕರಾವಳಿಯ ಶಿಬಿರಗಳಿಗೆ ಹಂಚಿಬಿಡುತ್ತಾರೆ. ಪಕ್ಕದ ದಿಬ್ಬದವರಿಗೆ ಹಾಗೇ ಆಗಿತ್ತು. ಯಾರೂ ನಮ್ಮನ್ನು ಬೈಯಲಿಲ್ಲ. ಒಂದು ಬಾಗಿಲನ್ನೇ ಕಳಚಿ ಅತ್ತೆಯನ್ನು ಅದರ ಮೇಲೆ ಮಲಗಿಸಿ, ಒದ್ದೆ ಕಂಬಳಿ ಹೊದಿಸಿ, ಆ ಸುಡುಬಿಸಿಲಿನಲ್ಲಿ ದೂರದ ಒಂದು ಕಲ್ಲುಶಿಲುಬೆಯವರೆಗೆ ಹೊತ್ತು ತಂದರು. ಕೂಗುವ ಅಂಗಿ ಎಲ್ಲಿದೆಯೋ ವಾಹನ ಅಲ್ಲಿಗೇ ಬರುತ್ತದೆ, ಶಿಲುಬೆಯ ಬಳಿಗೆ ಬಂದರೆ ಊರು ಉಳಿಯುತ್ತದೆ. ಉಳಿದವರು ಬಾಗಿಲು ಹೊತ್ತು ಹಿಂದಕ್ಕೆ ಓಡಿದರು. ಒಬ್ದುಲಿಯಾ ಮಾತ್ರ ಅತ್ತೆಯ ಮುಖಕ್ಕೆ ನೆರಳು ಹಿಡಿದು ಕೂತಳು. "ಹೋಗು, ಹೋಗಮ್ಮ" ಎಂದು ನಾನು ಎಷ್ಟು ಹೇಳಿದರೂ ಏಳಲಿಲ್ಲ. ವಾಹನದ ಧೂಳು ಕಂಡಾಗ ಓಡಲು ಹೊತ್ತು ಮೀರಿತ್ತು.

ಇಳಿದು ಬಂದ ಪಹರೆಯವನು ಎಳೆಯ ಪ್ರಾಯದವನು. ಅವಳ ಬರಿಗಾಲು ನೋಡಿ, "ಇವರು ಯಾರು?" ಎಂದ. ಸತ್ತವರಂತೆ ಮಲಗಿದ್ದ ಅತ್ತೆ ಕಣ್ಣು ಬಿಟ್ಟರು.

"ನಮ್ಮಕ್ಕ ಕಣಪ್ಪಾ. ನಮ್ ಜೊತೇಲೇ ನಡ್ಕಂಡ್ ಬಂದವ್ರೆ."

"ಇವರ ತಣ್ಣಂಗಿ ಎಲ್ಲಿ?"

"ನಂದು ಒಣಗೋಯ್ತು ಅಂತ ಅವ್ರುದ್ನ ಬಿಚ್ಚಿ ನಂಗ್ ತೊಡ್ಸವ್ರೆ. ಕಾಣಕಿಲ್ವಾ?"

ಬಿಲ್ಲೆ ಅದನ್ನು ಸ್ಪ್ಯಾನಿಷಿನಲ್ಲಿ ಒಪ್ಪಿಸಿತು. ಅವನು ಅವಳ ಹಳದಿ ಬೆರಳುಗಳನ್ನು ತುಂಬ ಹೊತ್ತು ನೋಡಿದ. ಆಮೇಲೆ ತನ್ನ ಯಂತ್ರಕ್ಕೆ "ಮೂವರು ಯಾತ್ರಿಕರು" ಎಂದು ಹೇಳಿ, ಅವಳ ಕೈಗೆ ತನ್ನ ನೀರಿನ ಬಾಟಲಿ ಕೊಟ್ಟ. ಅವನಿಗೆ ತಿಳಿದಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಹೀಗೆ ಒಬ್ದುಲಿಯಾ ನಮ್ಮ ಜೊತೆ ಬರಲೇಬೇಕಾಯಿತು. ಹಿಂದಕ್ಕೆ ತಿರುಗಿದ್ದರೆ ಅವಳ ಬೆನ್ನಿಗೇ ಪಹರೆ ಹೋಗುತ್ತಿತ್ತು. ಲಿಯೋನ್ ಪಟ್ಟಣದ ಆಸ್ಪತ್ರೆಯಲ್ಲಿ ಅತ್ತೆ ಚೇತರಿಸಿಕೊಂಡ ಮೇಲೆ ಮೂವರೂ ನೆರಳುಸಾಲಿನಲ್ಲಿ ನಡೆದೆವು. ಆಗಲೇ ನನಗೆ ಹೊಳೆದದ್ದು: ಜೀವಮಾನವಿಡೀ ಸ್ಯಾಂಟಿಯಾಗೊದತ್ತ ಬಾಣ ಬರೆದವಳು ಸ್ಯಾಂಟಿಯಾಗೊ ಕಂಡಿರಲಿಲ್ಲ. ತಂಪು ಗಾಳಿ ಅವಳಿಗೆ ಒಗ್ಗಲಿಲ್ಲ, ಕೆಮ್ಮುತ್ತಲೇ ನಡೆದಳು. ಅತ್ತೆ ಅವಳಿಗೆ ಎಲೆಅಡಿಕೆ ಹಾಕುವುದನ್ನು ಕಲಿಸಿದರು. ಅವಳು ಕೆಂಪು ಉಗುಳು ಕಂಡು ರಕ್ತವೆಂದು ಹೌಹಾರಿದಳು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊನ್ನೆ ಇಲ್ಲಿಗೆ ತಲುಪಿದೆವು. ದೇವಾಲಯದ ಬಾಗಿಲಲ್ಲಿ ಕೂತವರು ಎಲ್ಲಿಂದ ನಡೆದು ಬಂದಿರಿ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಸಂತನ ಬಾಗಿಲಲ್ಲಿ ನಿಂತ ಒಬ್ದುಲಿಯಾ, ಬಾಯಿತಪ್ಪಿಯೋ ಭಕ್ತಿಯಿಂದಲೋ, ತನ್ನ ಊರಿನ ಹೆಸರನ್ನು ಹೇಳಿಬಿಟ್ಟಳು.

ಅದನ್ನು ಬರೆದುಕೊಳ್ಳುತ್ತಿದ್ದವನು ತಲೆಯೆತ್ತಿದ. "ಅಂಥ ಊರಿಲ್ಲ."

ಅತ್ತೆಗೆ ತಡೆಯಲಾಗಲಿಲ್ಲ. "ಇಲ್ಲ ಅಂತೀಯಲ್ಲಪ್ಪಾ, ಆ ಊರ್ ನೀರ್ ಕುಡ್ದೇ ನಾನ್..."

ಒಬ್ದುಲಿಯಾ ಅತ್ತೆಯ ಕೊರಳಿನ ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿದಳು.

"ಬುರ್ಗೋಸ್" ಎಂದಳು. "ನಾನು ಬುರ್ಗೋಸಿನವಳು. ವಯಸ್ಸಾಯಿತು, ಮರೆವು."

ಅವನು ನಕ್ಕು ಒಳಗೆ ಬಿಟ್ಟ. ಅವಳು ಸಂತನ ಮುಂದೆ ಮೊಣಕಾಲೂರಲಿಲ್ಲ. ಕಂಬವೊಂದಕ್ಕೆ ಹಣೆ ಒತ್ತಿ ನಿಂತಿದ್ದಳು, ಅಷ್ಟೆ. ಹುಟ್ಟಿದ ಊರನ್ನು ಉಳಿಸಲು, ಹುಟ್ಟಿದ ಊರೇ ಇಲ್ಲವೆಂದು ದೇವರ ಬಾಗಿಲಲ್ಲಿ ಹೇಳಬೇಕಾದ ಕಾಲವಿದು. ಅದನ್ನು ಕಂಡಾಗಿನಿಂದ ನನಗೆ ನಿದ್ದೆಯಿಲ್ಲ.

ನಿನ್ನೆ ಸಂಜೆ ಅವಳು ಹೊರಟಳು. ಪಹರೆಯಿಲ್ಲದ ಹೊರಬಯಲಿನಲ್ಲಿ, ಪೂರ್ವಕ್ಕೆ, ಕಾಲ್ನಡಿಗೆಯಲ್ಲಿ. ಅತ್ತೆ ತಮ್ಮ ತಣ್ಣಂಗಿಯನ್ನು ತಿದ್ದಿಸಿ, ಕೂಗುವ ನೂಲನ್ನು ಕತ್ತರಿಸಿ ತೆಗೆದು ಅವಳಿಗೆ ತೊಡಿಸಿದರು. "ನಿಧಾನ್ಕ್ ಓಗಕ್ಕಾ, ನೆಳ್ಳಿದ್ದಲ್ಲಿ ಕೂತ್ಕಂಡು ಓಗು" ಎಂದರು. ಬಿಲ್ಲೆ ಅದನ್ನು ಹೇಗೆ ಹೇಳಿತೋ, ಅವಳು ಅತ್ತೆಯ ಎರಡೂ ಕೆನ್ನೆಗೆ ಮುತ್ತಿಟ್ಟಳು. ತಲುಪುತ್ತಾಳೋ ಇಲ್ಲವೋ ನಮಗೆ ತಿಳಿಯುವ ದಾರಿಯಿಲ್ಲ. ಅತ್ತೆ ಬೆಳಗಿನಿಂದ ಊಟ ಮುಟ್ಟಿಲ್ಲ.

ನನ್ನ ಕಾಲದವರಲ್ಲಿ ಯಾರಿಗೂ ಇದನ್ನು ಹೇಳುವಂತಿಲ್ಲ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ಆ ಊರಿನ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೆ ಹೋಗುವಾಗ ನಡುವೆ ಯಾರ ಕೈ ದಾಟುತ್ತದೋ ತಿಳಿಯದು. ನಿಮ್ಮ ಕಾಲದಲ್ಲಿ ಅದಕ್ಕೊಂದು ಹೆಸರಿನ ಹಲಗೆ ಇದೆ, ನಕ್ಷೆಯಲ್ಲಿ ಜಾಗವಿದೆ, ಬೀದಿಯಲ್ಲಿ ಜನರಿದ್ದಾರೆ. ನಿಮ್ಮಲ್ಲಿ ಯಾರಾದರೂ ಈ ಬೇಸಿಗೆ ಬುರ್ಗೋಸಿನಿಂದಾಚೆಗಿನ ಬಯಲಿನಲ್ಲಿ ನಡೆದು ಹೋಗುವವರಿದ್ದರೆ, ದಯವಿಟ್ಟು ಒಂದು ಊರನ್ನೂ ಸುಮ್ಮನೆ ದಾಟಬೇಡಿ. ಬಾಗಿಲಲ್ಲಿ ಕೂತವರ ಹತ್ತಿರ ಒಂದು ಲೋಟ ನೀರು ಕೇಳಿ, ಊರಿನ ಹೆಸರು ಕೇಳಿ, ಅವರ ಮುಂದೆಯೇ ಅದನ್ನೊಮ್ಮೆ ಗಟ್ಟಿಯಾಗಿ ಹೇಳಿ. ಯಾವ ಊರೆಂದು ನಾನು ಹೇಳಲಾರೆ. ಅದಕ್ಕೇ, ಎಲ್ಲ ಊರಿನಲ್ಲೂ ಹೇಳಿ.

ಸಹಾಯಮೇರಿ