ಹೆಂಡತಿಯರ ಕಾಲಂ

ಶ್ರೀನಗರ
೧೪-೮-೨೦೦೩

ಹಂಸಾ ಅವರಿಗೆ ವಿಮಲಾ ಮಾಡುವ ನಮಸ್ಕಾರ.

ನಿಮ್ಮ ಸಂಗೀತ ಸಭೆಯ ಆಮಂತ್ರಣ ಹೋದ ವಾರವೇ ತಲುಪಿತು. ಲಕೋಟೆಯ ಮೇಲೆ ನಮ್ಮವರ ಹೆಸರಿಗೆ ಸೇರಿಸಿ ‘ಶ್ರೀ ತಿರುಮಲೇಶ ಮತ್ತು ಶ್ರೀಮತಿ ಹಂಸಾ’ ಎಂದಿತ್ತು. ಕೇಳಿದ್ದಕ್ಕೆ ನಮ್ಮವರು ನಕ್ಕರು.

“ಸದಸ್ಯರ ಎಕ್ಸೆಲ್ ಪಟ್ಟೀನ ಹೊಸ ಸಾಫ್ಟ್‌ವೇರಿಗೆ ಒಟ್ಟಿಗೇ ತುಂಬಿಸಿದ್ವಿ ಕಣೇ. ಹೆಂಡತೀರ ಕಾಲಂ ಒಂದು ಸಾಲು ಕೆಳಗೆ ಜಾರಿಬಿಡ್ತು.”

ನಿಮ್ಮ ಯಜಮಾನರ ಪಕ್ಕದಲ್ಲಿದ್ದ ನಿಮ್ಮ ಹೆಸರು ಹಾಗೆ ನಮ್ಮವರ ಪಕ್ಕಕ್ಕೆ ಬಂತಂತೆ. ಭಾನುವಾರವೆಲ್ಲ ನಿಮ್ಮ ಮನೆಯಲ್ಲಿ ಜೊತೆಗೆ ಕೂತು ತುಂಬಿಸಿದ ನೀವು, ನಮ್ಮವರು ಇಬ್ಬರಲ್ಲಿ ಒಬ್ಬರ ಕಣ್ಣಿಗೂ ಇದು ಬೀಳಲಿಲ್ಲವೇ?

ನಾನು ಜಯನಗರದ ಕಂಪ್ಯೂಟರ್ ಕ್ಲಾಸಿಗೆ ಸೇರಿ ವಿಷಯ ತಿಳಿದುಕೊಂಡೆ. ಮೊದಲು ಹಳೆಯ ಪಟ್ಟಿಯನ್ನು ಫ್ಲಾಪಿಯಲ್ಲಿ ಬೇರೆ ಉಳಿಸಿಕೊಳ್ಳಬೇಕು. ಆಮೇಲೆ ಹತ್ತೇ ಹೆಸರು ತುಂಬಿಸಿ, ಯಾರ ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಬೇಕು. ಸರಿಯಿದ್ದರೆ ಮಾತ್ರ ಉಳಿದವರನ್ನು ಸೇರಿಸಬೇಕು. ಕಷ್ಟವೇನಿಲ್ಲ, ಒಬ್ಬರೇ ಮಾಡಬಹುದಾದ ಕೆಲಸ.

ದಯವಿಟ್ಟು ನಾನು ಬರುವವರೆಗೆ ಪಟ್ಟಿಯನ್ನು ಮುಟ್ಟಬೇಡಿ. ಈ ಭಾನುವಾರ ನಾನೇ ಬಂದು ಸರಿಮಾಡಿಕೊಡುತ್ತೇನೆ. ನಿಮ್ಮ ಕಾಫಿಯ ರುಚಿಯ ಬಗ್ಗೆ ಮನೆಯಲ್ಲಿ ಬಹಳ ಕೇಳಿದ್ದೇನೆ, ಅದನ್ನೂ ನೋಡಿದಂತಾಗುತ್ತದೆ.

ನಮ್ಮವರು ಬರುವುದಿಲ್ಲ. ಅವರು ಅಂದು ನಮ್ಮತ್ತೆಯನ್ನು ಬನಶಂಕರಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಹಾಗೆಂದು ನಮ್ಮವರಿಗೇ ಇನ್ನೂ ಹೇಳಿಲ್ಲ.

ಇಂತಿ,
ವಿಮಲಾ