ಅಂಗಳ ಬಿಟ್ಟು ಬಂದ ಮಠ

ಫೆಬ್ರವರಿ 6, ಗುರುವಾರ

ಟ್ರೇನ್ ತಪ್ಪಿತು. ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ಪಾರ್ಕಿಂಗ್ ಸಿಕ್ಕಿದ್ದೇ ತಡ, ಓಡೋಣವೆಂದರೆ ಸೊಂಟ ಬಿಡಲಿಲ್ಲ. ಚಳಿ ಬಿದ್ದರೆ ಒಳಗಿನ ರಾಡ್ ಕೊರೆಯುತ್ತದೆ. ಮುಂದಿನ ಟ್ರೇನು, ಪೆನ್ ಸ್ಟೇಷನ್, ಅಲ್ಲಿಂದ ಎ ಟ್ರೇನು, ಆಮೇಲೆ ಗುಡ್ಡ. ಬಿಟ್ಟಿ ಕೆಲಸಕ್ಕೆ ಇಷ್ಟು ಪಡಿಪಾಟಲು! ಗಂಡನ ಬೆನ್ನಿಗೆ ಬಂದ ಎಚ್-4 ವೀಸಾದವಳಿಗೆ ಸಂಬಳದ ಕೆಲಸ ಯಾರು ಕೊಡುತ್ತಾರೆ... ಮನೆಯಲ್ಲಿ ಗೋಡೆ ನೋಡುತ್ತ ಕೂರುವುದಕ್ಕಿಂತ ವಾಸಿ.

ಇಂದು ಫ್ಲೋರಲ್ ಪಾರ್ಕ್‌ನ ಶಾಲೆಯ ಮಕ್ಕಳು. ಎರಡನೇ ಕ್ಲಾಸು. ಆನ್ಯಾ ಇದ್ದಿದ್ದರೆ ನಾಲ್ಕನೇ ಕ್ಲಾಸಿನಲ್ಲಿರುತ್ತಿದ್ದಳು.

ಕ್ಲಾಯ್ಸ್ಟರ್ಸ್ ಮ್ಯೂಸಿಯಂನಲ್ಲಿ ಪ್ರತಿ ಗುರುವಾರ ಹೇಳುವ ಅದೇ ಕಥೆ ಹೇಳಿದೆ. ಫ್ರಾನ್ಸಿನ ಬೆಟ್ಟದ ಬುಡದಲ್ಲಿ ಕೂಶಾ ಎಂಬ ಮಠ. ಹನ್ನೆರಡನೇ ಶತಮಾನದ ಗುಲಾಬಿ ಕಲ್ಲಿನ ಕಂಬಗಳು — ನಮ್ಮ ಕಲ್ಯಾಣದ ಕಾಲದವು. ಕ್ರಾಂತಿಯಾಯಿತು, ಸನ್ಯಾಸಿಗಳು ಚದುರಿದರು, ಕಂಬಗಳು ಯಾರ್ಯಾರದೋ ಮನೆ ಸೇರಿದವು. ಕೆಲವು ಊರಿನ ಸ್ನಾನದ ಮನೆಗೂ ಹೋದವು. ಅಮೆರಿಕದ ಶಿಲ್ಪಿಯೊಬ್ಬ ಹುಡುಕಿ ಹುಡುಕಿ ಕೊಂಡ. ಹಡಗಿನಲ್ಲಿ ಬಂದವು. ಈಗ ಹಡ್ಸನ್ ನದಿಯ ಮೇಲೆ, ಈ ಗುಡ್ಡದಲ್ಲಿ, ಸುತ್ತ ಕಂಬಸಾಲು, ನಡುವೆ ಅಂಗಳ. ಸಾಲದ ಕಡೆ ಅದೇ ಗಣಿಯ ಹೊಸ ಕಲ್ಲು ಕೂರಿಸಿದ್ದಾರೆ. ಯಾವುದು ಹಳೆಯದು, ಯಾವುದು ಹೊಸದು? ಮಕ್ಕಳಿಗೆ ಈ ಆಟ ಇಷ್ಟ. ಹತ್ತರಲ್ಲಿ ಎಂಟು ತಪ್ಪು ಹೇಳುತ್ತಾರೆ.

ಎರಡು ಜಡೆಯ ಹುಡುಗಿ ಕೈಯೆತ್ತಿದಳು. "ಸನ್ಯಾಸಿಗಳು ಸತ್ತರೆ ಮಠದಲ್ಲೇ ಹೂಳುತ್ತಿದ್ದರು ಅಂದಿರಲ್ಲ, ಅವರನ್ನೂ ತಂದರಾ?" ಇಂಗ್ಲಿಷ್‌ನಲ್ಲಿ ಕೇಳಿದಳು.

"ಇಲ್ಲ ಪುಟ್ಟಾ," ಎಂದೆ. ಕನ್ನಡದಲ್ಲೇ ಬಂತು. ಆಮೇಲೆ "ನೋ" ಎಂದೆ. ಯಾಕೆ ಎಂದಳು. ಗೊತ್ತಿಲ್ಲ ಎಂದೆ.

ಫೆಬ್ರವರಿ 21

ಅರವಿಂದ್ ಮಾರಿಸ್‌ಟೌನ್ ಆಫೀಸಿನಿಂದ ಮಧ್ಯಾಹ್ನವೇ ಬಂದರು. ಶೂ ಬಿಚ್ಚದೆ ಸೋಫಾ ಮೇಲೆ ಕೂತರು.

"ತಗದ್ರು," ಎಂದರು. ಅಷ್ಟೇ.

ಎರಡು ತಿಂಗಳೊಳಗೆ ಬೇರೆ ಕೆಲಸ ಸಿಗಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಗ್ರೀನ್ ಕಾರ್ಡ್ ಈ ಜನ್ಮದಲ್ಲಿ ಬರುವ ಹಾಗಿಲ್ಲ. ನಮ್ಮ ಮೂವರಲ್ಲಿ ಸಿಟಿಜನ್ ಆಗಿದ್ದವಳು ಆನ್ಯಾ ಒಬ್ಬಳೇ. ಅವಳನ್ನು ಯಾರೂ ಹೋಗು ಅನ್ನುವುದಿಲ್ಲ.

ಮಾರ್ಚ್ 9, ಭಾನುವಾರ

ಸಿಮೆಟ್ರಿಗೆ ಹೋಗಿದ್ದೆವು. ಹಿಮ ಕರಗಿ ಕೆಸರು. ಅರವಿಂದ್ ಕಾರಿನ ಹತ್ತಿರವೇ ನಿಂತರು. ಯಾವಾಗಲೂ ಹಾಗೇ.

ಕಾರಿನ ಆಕ್ಸಿಡೆಂಟ್ ಆದಮೇಲೆ ನಾನು ಐಸಿಯುನಲ್ಲಿದ್ದೆ. ಕಣ್ಣು ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳ ಮುಖ ನೋಡಲಿಲ್ಲ, ಒಂದು ಹಿಡಿ ವಿಭೂತಿ ಹಾಕಲಿಲ್ಲ. ಆಗ ಅರವಿಂದ್ ಹೇಳಿದ್ದು ಒಂದೇ ಮಾತು — ನಮ್ಮ ಪದ್ಧತಿಯಂತೆ ಸಮಾಧಿಯಲ್ಲಿ ಕೂಡಿಸಿದ್ದೇವೆ, ಅಂಗೈಯಲ್ಲಿ ಲಿಂಗ ಇಟ್ಟಿದ್ದೇವೆ. ಅದನ್ನೇ ಹಿಡಿದುಕೊಂಡು ಬದುಕಿದ್ದೇನೆ. ಆದರೂ ಒಂದು ಹುಚ್ಚು ಚಿಂತೆ, ಯಾರಿಗೂ ಹೇಳಿಲ್ಲ. ಕಾರಿನಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಕತ್ತು ವಾಲುತ್ತಿತ್ತು. "ಅಮ್ಮಾ, ಮೈ ನೆಕ್ ಹರ್ಟ್ಸ್" ಎಂದು ರಾಗ ಎಳೆಯುತ್ತಿದ್ದಳು. ಎರಡು ವರ್ಷದಿಂದ ಕೂತೇ ಇದ್ದಾಳಲ್ಲ ನನ್ನ ಕೂಸು, ಕತ್ತು ನೋಯುವುದಿಲ್ಲವೇ?

ವಾಪಸ್ ಬರುವಾಗ ಹೇಳಿಬಿಟ್ಟೆ. "ಹೋಗೋದಾದ್ರ ಆಕೀನ್ನೂ ಕರಕೊಂಡು ಹೋಗೋಣ್ರಿ. ವಿಚಾರಿಸೀನಿ. ತಗೀಬಹುದಂತ. ಇಬ್ಬರೂ ಒಪ್ಪಿಗಿ ಕೊಟ್ರ ಸಾಕಂತ."

"ಬ್ಯಾಡ."

"ಧಾರವಾಡದಾಗ ನಿಮ್ಮ ಹೊಲದಾಗ, ನಿಮ್ಮ ಅಜ್ಜನ ಬಾಜೂಕ..."

"ಬ್ಯಾಡ ಅಂದ್ನೆಲ್ಲ!" ಸ್ಟಿಯರಿಂಗ್‌ಗೆ ಗುದ್ದಿದರು. ಜೋರು ದನಿ ತೆಗೆಯುವ ಮನುಷ್ಯನೇ ಅಲ್ಲ.

ಮಾರ್ಚ್ 13

ಅತ್ತೆಗೆ ಫೋನ್ ಮಾಡಿದೆ. ಮಗನಿಗೆ ಬುದ್ಧಿ ಹೇಳಲಿ ಎಂಬ ಆಸೆ.

ದೇವಮ್ಮ ಅತ್ತೆ ನನಗೇ ಹೇಳಿದರು. "ಸಮಾಧಿ ಬಿಚ್ಚಬಾರದವಾ. ಕೂಸು ಶಿವನ ಮುಂದ ಕುಂತೈತಿ. ಕುಂತವರನ್ನ ಎಬ್ಬಿಸ್ತಾರೇನು?" ಆಮೇಲೆ ಅವರೇ ಅತ್ತರು. "ಹಂಗಂತ ಆ ಪರದೇಶದಾಗ ಕೂಸನ್ನ ಒಂದ ಬಿಟ್ಟು ಹೆಂಗ ಬರ್ತೀಯವಾ..."

ಎರಡೂ ಅವರೇ ಅಂದದ್ದು. ನಾನು ಯಾವುದನ್ನು ಕೇಳಲಿ?

ಮಾರ್ಚ್ 23, ಭಾನುವಾರ

ಕೆಲಸ ಸಿಗಲಿಲ್ಲ. ಟಿಕೆಟ್ ಬುಕ್ ಆಯಿತು, ಏಪ್ರಿಲ್ 6. ಎರಡೇ ಟಿಕೆಟ್.

ಸಂಜೆ ಚಹಾ ಕೊಟ್ಟು ಮತ್ತೆ ಕೇಳಿದೆ. ಒಪ್ಪಿಗೆ ಕೊಡದಿದ್ದರೆ ವಿಮಾನ ಹತ್ತುವುದಿಲ್ಲ, ಪೊಲೀಸರು ಬಂದು ಎಳೆದುಕೊಂಡು ಹೋಗಲಿ ಎಂದೆ.

ಅರವಿಂದ್ ಕಪ್ಪು ಮೇಜಿನ ಮೇಲಿಟ್ಟರು. ಆಮೇಲೆ, "ಕೂಡಿಸಿಲ್ಲ ಆಕೀನ್ನ."

ಅರ್ಥವೇ ಆಗಲಿಲ್ಲ ನನಗೆ.

"ಒಪ್ಪಲಿಲ್ಲ ಅವರು. ಪೆಟಿಗಿ ಬೇಕು, ಸುತ್ತ ಕಾಂಕ್ರೀಟ್ ಬೇಕು, ಕೂಡ್ಸಾಕ ಬರೂದಿಲ್ಲ ಅಂದ್ರು. ಕೈ ಮುಗದೆ, ಕಾಲು ಹಿಡದೆ. ಆ ಕಡೆ ನೀ ಉಳೀತೀಯೋ ಇಲ್ಲೋ ಗೊತ್ತಿಲ್ಲ. ಮಲಗಿಸಿ ಬಂದೆ. ನಿನಗ ಎಚ್ಚರಾದಾಗ ಮೊದಲು ಅದನ್ನ ಕೇಳಿದಿ — ಕೂಡಿಸಿದ್ರೇನು ಅಂತ. ಹೂಂ ಅಂದುಬಿಟ್ಟೆ. ಅವ್ವಗೂ ಹಂಗ ಹೇಳೀನಿ. ಈಗ ತಗದ್ರ ನೀ ನೋಡ್ತಿ..."

"ಸುಳ್ಳ! ನೀ ಸುಳ್ಳ!" ಮದುವೆಯಾದ ಮೇಲೆ ಮೊದಲ ಸಲ 'ನೀ' ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಕಪ್ಪು ಎತ್ತಿ ಸಿಂಕಿಗೆ ಎಸೆದೆ. ಅವರು ತಲೆ ಬಗ್ಗಿಸಿಕೊಂಡು ಎಲ್ಲ ಅನ್ನಿಸಿಕೊಂಡರು. ಎರಡು ವರ್ಷ ಒಬ್ಬನೇ ಹೊತ್ತಿದ್ದಾನೆ ಪುಣ್ಯಾತ್ಮ.

ಮಾರ್ಚ್ 25

ಡಬ್ಬಗಳಿಗೆ ಟೇಪ್ ಅಂಟಿಸುವ ಸದ್ದು ಮಾತ್ರ.

ಬೆಳಿಗ್ಗೆ ಹಲ್ಲು ಉಜ್ಜುವಾಗ ಹೊಳೆಯಿತು. ಮಲಗಿದ್ದಾಳೆ. ಹಾಗಾದರೆ ಕತ್ತು ನೋಯುತ್ತಿಲ್ಲ. ಕಾರಿನಿಂದ ಎತ್ತಿ ತಂದು ಮಂಚದ ಮೇಲೆ ಹಾಕಿದರೆ ಕಾಲು ಚಾಚಿ, ಗೋಡೆಗೆ ಮುಖ ಮಾಡಿ, ಒಂದೇ ಉಸಿರಿಗೆ ಗಾಢ ನಿದ್ದೆ... ಬಾತ್‌ರೂಮಿನ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಸಿಟ್ಟೋ ಸಮಾಧಾನವೋ, ನನಗೇ ಗೊತ್ತಿಲ್ಲ.

ಹೊರಗೆ ಬಂದು ಕೇಳಿದೆ. "ಹೊದಿಸಿದ್ರೇನು?"

ಅವರು ಟೇಪ್ ಹಿಡಿದುಕೊಂಡೇ ನಿಂತರು. "ಹೂಂ. ನಿನ್ನ ಇಳಕಲ್ ಸೀರಿ. ಟಿವಿ ನೋಡುವಾಗ ಹೊತ್ಕೋತಿದ್ದಳಲ್ಲ, ಅದನ್ನ."

ಒಳ್ಳೆಯದಾಯಿತು ಎಂದೆ. ಅನ್ನಕ್ಕೆ ಇಟ್ಟೆ. ಇಬ್ಬರೂ ಉಂಡೆವು.

ಏಪ್ರಿಲ್ 3, ಗುರುವಾರ

ಮ್ಯೂಸಿಯಂನಲ್ಲಿ ಕೊನೆಯ ದಿನ. ಚಳಿಗೆಂದು ಒಳಗೆ ತಂದಿಟ್ಟ ಅಂಗಳದ ಗಿಡಗಳು ಇನ್ನೂ ಕಂಬಸಾಲಿನ ಗಾಜಿನೊಳಗೇ ಇವೆ.

ಆ ಹುಡುಗಿಯ ಪ್ರಶ್ನೆ ಕೊರೆಯುತ್ತಲೇ ಇತ್ತು, ಓದಿ ನೋಡಿದೆ. ಕೂಶಾದಲ್ಲಿ ಈಗ ಮತ್ತೆ ಸನ್ಯಾಸಿಗಳಿದ್ದಾರೆ. ನೂರು ವರ್ಷದ ಹಿಂದೆಯೇ ಮರಳಿದರಂತೆ. ಉಳಿದ ಕಂಬಗಳನ್ನು ಕೂಡಿಸಿ, ಸಿಕ್ಕಷ್ಟು ಸಾಲು ನಿಲ್ಲಿಸಿಕೊಂಡಿದ್ದಾರೆ. ಅಂತೂ ಅಲ್ಲಿ ಮಣ್ಣಲ್ಲಿದ್ದವರ ಪಕ್ಕಕ್ಕೆ ಯಾರೋ ಬಂದರು. ನನ್ನ ಮಗಳ ಪಕ್ಕ ಯಾರು ಬರುತ್ತಾರೆ? ಟೂರಿಸ್ಟ್ ವೀಸಾಕ್ಕೆ ಕ್ಯೂ ನಿಂತು ಮಗಳನ್ನು ನೋಡಲು ಬರಬೇಕು ನಾನು! ಇಂಟರ್‌ವ್ಯೂನಲ್ಲಿ ಕೇಳುತ್ತಾರೆ, ಅಮೆರಿಕದಲ್ಲಿ ನಿಮ್ಮವರು ಯಾರಿದ್ದಾರೆ ಎಂದು. ಏನು ಹೇಳಲಿ?

ಆದರೂ ತೆಗೆಸುವುದಿಲ್ಲ. ಮಲಗಿದವಳನ್ನು ಎಬ್ಬಿಸಿದರೆ ರಂಪ ಮಾಡುತ್ತಾಳೆ, ನನಗೆ ಗೊತ್ತಿಲ್ಲವೇ. ಮನೆಗೆ ಬಂದು ಅರವಿಂದ್‌ಗೆ ಹೇಳಿದೆ. "ಮಲಗಲಿ ಬಿಡ್ರಿ." ನನ್ನ ಕೈ ಹಿಡಿದುಕೊಂಡು ಸಣ್ಣ ಮಕ್ಕಳ ಹಾಗೆ ಅತ್ತರು. ಅತ್ತೆಗೆ ಏನೂ ಹೇಳುವುದಿಲ್ಲ. ಅವರ ಮಟ್ಟಿಗೆ ಮೊಮ್ಮಗಳು ಕೂತೇ ಇರಲಿ.

ಏಪ್ರಿಲ್ 6, ಭಾನುವಾರ, ಮಧ್ಯಾಹ್ನ

ಕ್ಲಾಸೆಟ್‌ನ ಮೇಲಿನ ಶೆಲ್ಫ್ ಖಾಲಿ ಮಾಡುತ್ತಿದ್ದೆ. ದಾನಕ್ಕೆಂದು ಹಳೆಯ ರಜಾಯಿ ಎಳೆದೆ. ಮಡಿಕೆಯೊಳಗಿಂದ ಇಳಕಲ್ ಸೀರೆ ಬಿತ್ತು.

ಅದೇ ಸೀರೆ. ಸೆರಗಿನ ತುದಿಯಲ್ಲಿ ಆನ್ಯಾಳ ಕೆಚಪ್ ಕಲೆ ಇದೆ.

ಹುಡುಕಿರಬೇಕು ಪಾಪ, ಸಿಕ್ಕಿರಲಿಕ್ಕಿಲ್ಲ. ಈ ಮನೆಯಲ್ಲಿ ಯಾವುದು ಎಲ್ಲಿದೆ ಎಂದು ಆ ಮನುಷ್ಯನಿಗೆ ಎಂದಾದರೂ ಗೊತ್ತಿತ್ತೇ? ಏನಾದರೂ ಹೊದಿಸಿದರೋ, ಹಾಗೇ... ಕೇಳುವುದಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ ಅವರು. ಸಾಕು.

ಕ್ಯಾಬ್ ಬಂತು. ಕೆಳಗಿನಿಂದ ಕೂಗುತ್ತಿದ್ದಾರೆ. ಸೀರೆ ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಏರ್‌ಪೋರ್ಟಿಗೆ ಅದು ದಾರಿಯಲ್ಲ, ಆದರೂ ಡ್ರೈವರ್‌ಗೆ ಹೇಳುತ್ತೇನೆ, ಸಿಮೆಟ್ರಿ ಹತ್ತಿರ ಹತ್ತು ನಿಮಿಷ ನಿಲ್ಲಿಸಪ್ಪಾ ಎಂದು. ಈ ಸಲ ಅರವಿಂದ್ ಕೂಡ ಇಳಿಯಲಿ. ಇಬ್ಬರೂ ಸೇರಿ ಅವಳ ಮೇಲೆ ಹಾಸುತ್ತೇವೆ. ಹೊರಗೆ ಗಾಳಿ ಜೋರಿದೆ. ನಾಲ್ಕು ಮೂಲೆಗೂ ಕಲ್ಲು ಇಡಬೇಕು, ಇಲ್ಲದಿದ್ದರೆ ಹಾರಿಹೋಗುತ್ತದೆ.